ದಿಲ್ಲಿಯ ಆರೋಗ್ಯ ಇಲಾಖೆಯೂ ನಮ್ಮ ಗಡಿ ತಾಲೂಕುಗಳೂ



ಜಹೀರಾಬಾದ್, ನಾರಾಯಣಖೇಡ, ತಾಂಡೂರು ಕಡೆಯ ಯಾವ ಹಳ್ಳಿಗೆ ಬೇಕಾದರೂ ಹೋಗಿ, ಅಗಸಿಯ ಕಟ್ಟೆಯ ಮೇಲೆ ಕುಳಿತ ಹಿರಿಯರನ್ನು ಕೇಳಿ ನೋಡಿ: ದಿಲ್ಲಿಯ ಆರೋಗ್ಯ ಇಲಾಖೆ ನಿಮಗೆ ಏನು ಮಾಡಿದೆ? "ದಿಲ್ಲಿ ಎಲ್ಲಿ, ನಾವು ಎಲ್ಲಿ ರೀ ಸಾಹೇಬ್ರ" ಎಂದು ನಕ್ಕುಬಿಡುತ್ತಾರೆ. ಅವರ ಮಾತಿನಲ್ಲಿ ತಪ್ಪೇನಿಲ್ಲ. ಸೂಜಿ ಚುಚ್ಚುವ ನರ್ಸಮ್ಮ ರಾಜ್ಯದವಳು, ದವಾಖಾನೆಯ ಡಾಕ್ಟರು ರಾಜ್ಯದವರು, ಗೋಡೆಯ ಮೇಲಿನ ಬೋರ್ಡೂ ರಾಜ್ಯದ್ದೇ. ದಿಲ್ಲಿಯವರದೆಂದು ತೋರಿಸಲು ಒಂದು ಬೆಂಚು ಕೂಡ ಅಲ್ಲಿರುವುದಿಲ್ಲ. ಆದರೆ ಅದೇ ಕಟ್ಟೆಯ ಸುತ್ತ ಆಡುವ, ಓಡಾಡುವ ಜನರ ಮುಖಗಳನ್ನು ಗಮನಿಸಿ. ಐವತ್ತು ದಾಟದ ಒಬ್ಬರ ಮುಖದ ಮೇಲೂ ದೇವಿ ಬೇನೆಯ ಕುಳಿಗಳು ಕಾಣುವುದಿಲ್ಲ. ಇದು ತಾನಾಗಿಯೇ ಆದದ್ದಲ್ಲ.

ನಾನು ಮೂವತ್ತೆಂಟು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಆದ್ದರಿಂದ ಈ ವಿಷಯ ನನಗೆ ಬ್ಯಾಂಕಿನ ಲೆಕ್ಕದಲ್ಲೇ ಅರ್ಥವಾಗುತ್ತದೆ. ಹೆಡ್ ಆಫೀಸಿನಲ್ಲಿ ಕ್ಯಾಶ್ ಕೌಂಟರ್ ಇರುವುದಿಲ್ಲ, ರೈತರು ಅಲ್ಲಿಗೆ ಹೋಗುವುದೂ ಇಲ್ಲ. ಆದರೆ ಯಾವ ಸಾಲ, ಎಷ್ಟು ಬಡ್ಡಿ, ಯಾವ ನಮೂನೆಯಲ್ಲಿ ವರದಿ, ಯಾವಾಗ ತಪಾಸಣೆ ಎಂಬುದೆಲ್ಲ ಅಲ್ಲಿಂದಲೇ ಬರುತ್ತದೆ. ಒಂದು ಶಾಖೆಯಲ್ಲಿ ಬಾಕಿ ಮಾಡಿದವನು ಹೆಸರು ತಿರುಗಿಸಿ ಪಕ್ಕದ ಶಾಖೆಯಲ್ಲಿ ಸಾಲ ಎತ್ತಿದರೆ, ಎರಡೂ ಖಾತೆ ಒಬ್ಬನದೇ ಎಂದು ಹೇಳಬಲ್ಲವರು ಎರಡೂ ಶಾಖೆಯ ಪುಸ್ತಕ ನೋಡುವವರು ಮಾತ್ರ. ರೋಗವೂ ಹಾಗೆಯೇ. ಅದು ಬೀದರಿನಲ್ಲಿ ಒಂದು ಹೆಸರು, ನ್ಯಾಲಕಲ್ಲಿನಲ್ಲಿ ಇನ್ನೊಂದು ಹೆಸರು ಇಟ್ಟುಕೊಂಡು ಓಡಾಡುತ್ತದೆ.

ನಮ್ಮ ಕಡೆಗೆ ಈ ಮಾತು ಹೆಚ್ಚಾಗಿ ಹೊಂದಲು ಕಾರಣವಿದೆ. ಬ್ರಿಟಿಷರ ಕಾಲದಲ್ಲಿ ಸಿಮ್ಲಾ-ದಿಲ್ಲಿಯ ಇಲಾಖೆಗಳ ಅಧಿಕಾರ ನಿಜಾಮರ ಸೀಮೆಯಲ್ಲಿ ನಡೆಯುತ್ತಿರಲಿಲ್ಲ. ಸರ್ ಜೋಸೆಫ್ ಭೋರ್ ಅವರ ಸಮಿತಿ 1946ರಲ್ಲಿ ವರದಿ ಕೊಟ್ಟು, ಮೊದಲ ಹಂತದಲ್ಲಿ 40 ಸಾವಿರ ಜನರಿಗೆ ಒಂದರಂತೆ ಪ್ರಾಥಮಿಕ ಆರೋಗ್ಯ ಕೇಂದ್ರ ಬೇಕೆಂದು ಬರೆದಾಗ, ನಾವಿನ್ನೂ ಹೈದರಾಬಾದ್ ಸಂಸ್ಥಾನದ ಪ್ರಜೆಗಳು. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತಕ್ಕೆ ಸೇರಿತು. ಆಗ ದಿಲ್ಲಿಯಲ್ಲಿ ಆರೋಗ್ಯ ಮಂತ್ರಿಯಾಗಿದ್ದವರು ರಾಜಕುಮಾರಿ ಅಮೃತ್ ಕೌರ್. ಜಹೀರಾಬಾದ್, ನಾರಾಯಣಖೇಡ ಬೀದರ್ ಜಿಲ್ಲೆಯ ತಾಲೂಕುಗಳಾಗಿದ್ದವು. ತಾಂಡೂರು ಗುಲ್ಬರ್ಗಾ ಜಿಲ್ಲೆಯದಾಗಿತ್ತು.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆ ಆಯಿತು. ನಿರ್ಣಾ ಸರ್ಕಲ್ ಒಂದನ್ನು ಬಿಟ್ಟು ಜಹೀರಾಬಾದ್ ತಾಲೂಕು, ಬೀದರ್ ತಾಲೂಕಿನ ನ್ಯಾಲಕಲ್ ಸರ್ಕಲ್, ಇಡೀ ನಾರಾಯಣಖೇಡ ತಾಲೂಕು ಆಂಧ್ರಪ್ರದೇಶದ ಮೆದಕ್ ಜಿಲ್ಲೆಗೆ ಹೋದವು. ತಾಂಡೂರು ಹೈದರಾಬಾದ್ ಜಿಲ್ಲೆಗೆ, ಆಮೇಲೆ ರಂಗಾರೆಡ್ಡಿಗೆ, 2016ರಿಂದ ವಿಕಾರಾಬಾದಿಗೆ. ಮೊದಲ ಎರಡು ಊರುಗಳು ಈಗ ಸಂಗಾರೆಡ್ಡಿ ಜಿಲ್ಲೆಯಲ್ಲಿವೆ. ಜಿಲ್ಲೆ ಬದಲಾಗುವುದು ನಮಗೆ ರೂಢಿಯಾಗಿಬಿಟ್ಟಿದೆ. ಆದರೆ ಸೊಸೆ ಬರುವುದು, ಮಗಳನ್ನು ಕೊಡುವುದು, ಎತ್ತು ಮಾರುವುದು, ಝರಾಸಂಗಮದ ಕೇತಕಿ ಸಂಗಮೇಶ್ವರನ ಜಾತ್ರೆಗೆ ಬರುವುದು ಇವು ಯಾವುವೂ ಬದಲಾಗಲಿಲ್ಲ. ಜ್ವರ ಬಂದರೂ ಹಾಗೆಯೇ ಬರುತ್ತಿತ್ತು, ಬಂಡಿಯಲ್ಲಿ ಕುಳಿತು, ಬೀಗರ ಮನೆಗೆ.

ಸಂವಿಧಾನ ಬರೆದವರು ಇದನ್ನು ಮೊದಲೇ ಯೋಚಿಸಿದ್ದರು ಎನ್ನಬೇಕು. ಸಾರ್ವಜನಿಕ ಆರೋಗ್ಯ, ನೈರ್ಮಲ್ಯ, ಆಸ್ಪತ್ರೆ, ಔಷಧಾಲಯ ಇವುಗಳನ್ನು ರಾಜ್ಯ ಪಟ್ಟಿಯ 6ನೇ ಬಾಬಿನಲ್ಲಿ ಇಟ್ಟರು. ಆದರೆ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಸೋಂಕು ರೋಗ ಹರಡದಂತೆ ತಡೆಯುವ ಕೆಲಸವನ್ನು ಸಮವರ್ತಿ ಪಟ್ಟಿಯ 29ನೇ ಬಾಬಿನಲ್ಲಿ ಇಟ್ಟು, ಕೇಂದ್ರಕ್ಕೂ ಅದರಲ್ಲಿ ಕೈಹಾಕುವ ಹಕ್ಕು ಕೊಟ್ಟರು. ನಮ್ಮಂಥ ಗಡಿಯವರಿಗೆ ಇಡೀ ಸಂವಿಧಾನದಲ್ಲಿ ಇಷ್ಟು ಹತ್ತಿರದ ಸಾಲು ಬೇರೆ ಇಲ್ಲವೆಂದು ನನ್ನ ಎಣಿಕೆ. ದಿಲ್ಲಿ ಈ ಸಾಲನ್ನು ಯಾವಾಗ ನೆನಪಿಟ್ಟುಕೊಂಡಿತು, ಯಾವಾಗ ಮರೆಯಿತು ಎಂಬುದೇ ಈ ಲೇಖನದ ವಿಷಯ.

ಮೊದಲು ಬಂದದ್ದು ಮಲೇರಿಯಾದ ಕೆಲಸ. ಸ್ವಾತಂತ್ರ್ಯ ಬಂದಾಗ ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನರಿಗೆ ಚಳಿಜ್ವರ ಬರುತ್ತಿತ್ತು, 8 ಲಕ್ಷ ಜನ ಸಾಯುತ್ತಿದ್ದರು ಎಂದು ಅಂದಾಜು. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಜೀವಿಯನ್ನು ರೊನಾಲ್ಡ್ ರಾಸ್ ಕಂಡುಹಿಡಿದದ್ದು ನಮ್ಮ ಸಿಕಂದರಾಬಾದಿನಲ್ಲೇ, 1897ರ ಆಗಸ್ಟ್ 20ರಂದು. ಆದರೆ ಅದರ ಫಲ ನಮ್ಮ ಹಳ್ಳಿಗೆ ಮುಟ್ಟಲು ಅರ್ಧ ಶತಮಾನ ಹಿಡಿಯಿತು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಗಿ, 1958ರಲ್ಲಿ ಅದು ನಿರ್ಮೂಲನ ಕಾರ್ಯಕ್ರಮವಾಯಿತು. ಬೆನ್ನಿಗೆ ಪಂಪು ಕಟ್ಟಿಕೊಂಡು ಮನೆಮನೆಗೆ ಡಿ.ಡಿ.ಟಿ. ಹೊಡೆದು, ಬಾಗಿಲ ಪಕ್ಕ ತಾರೀಖು ಬರೆದುಹೋಗುತ್ತಿದ್ದವರನ್ನು ನನ್ನ ವಯಸ್ಸಿನವರು ಮರೆತಿರಲಾರರು. ಜ್ವರ ಬಂದವರ ಬೆರಳು ಚುಚ್ಚಿ ಗಾಜಿನ ಮೇಲೆ ರಕ್ತ ತೆಗೆದುಕೊಂಡು, ಕಹಿ ಗುಳಿಗೆ ಕೊಡುತ್ತಿದ್ದರು. ಗಡಿಯ ಈಚೆ ಗೋಡೆಯ ಮೇಲೆ ತೆಲುಗು, ಆಚೆ ಕನ್ನಡ. ಪುಡಿ ಒಂದೇ, ಗುಳಿಗೆ ಒಂದೇ.

1965ರ ಹೊತ್ತಿಗೆ ದೇಶದಲ್ಲಿ ರೋಗಿಗಳ ಸಂಖ್ಯೆ ಸುಮಾರು 1 ಲಕ್ಷಕ್ಕೆ ಇಳಿಯಿತು. ಕೆಲಸ ಮುಗಿಯಿತೆಂದು ಮೇಲಿನವರು ಸಡಿಲ ಬಿಟ್ಟರು. ಸೊಳ್ಳೆಗಳಿಗೆ ಡಿ.ಡಿ.ಟಿ. ಒಗ್ಗಿತು. 1976ರಲ್ಲಿ ಸಂಖ್ಯೆ ಮತ್ತೆ 64 ಲಕ್ಷ ದಾಟಿತು. ವಸೂಲಿ ಚೆನ್ನಾಗಿದೆಯೆಂದು ನೋಟಿಸು ಕಳಿಸುವುದನ್ನು ನಿಲ್ಲಿಸಿದ ಶಾಖೆಯ ಗತಿಯೂ ಹೀಗೆಯೇ ಆಗುತ್ತದೆ.

ದೇವಿ ಬೇನೆಯ ಕಥೆ ಬೇರೆ. ಸಿಡುಬು ಎಂದು ಪುಸ್ತಕದ ಮಾತು. ನಮ್ಮಲ್ಲಿ ದೇವಿ, ಅಮ್ಮ. ತೆಲುಗರಲ್ಲಿ ಮಶೂಚಿ, ಉರ್ದುವಿನವರಲ್ಲಿ ಚೇಚಕ್. 1962ರಲ್ಲಿ ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮ ಆರಂಭವಾಯಿತು. ಎಲ್ಲರಿಗೂ ದೇವಿ ಹಾಕಿಬಿಟ್ಟರೆ ರೋಗ ಹೋದೀತೆಂಬುದು ಆಗಿನ ಲೆಕ್ಕ. ಮೊದಮೊದಲು ದ್ರವ ಲಸಿಕೆ ಬಿಸಿಲಿಗೆ ಕೆಡುತ್ತಿತ್ತು. ಆಮೇಲೆ ಒಣಗಿಸಿದ ಲಸಿಕೆ ಸೋವಿಯತ್ ರಷ್ಯಾದಿಂದ ದಾನವಾಗಿ ಬಂತು, ನಮ್ಮ ದೇಶದಲ್ಲೂ ತಯಾರಾಗತೊಡಗಿತು. ಅದನ್ನು ತಯಾರಿಸಿದ ನಾಲ್ಕು ಸಂಸ್ಥೆಗಳಲ್ಲಿ ಒಂದು ಹೈದರಾಬಾದಿನದು, ಇನ್ನೊಂದು ಬೆಳಗಾವಿಯದು. ಗಡಿಯ ಎರಡೂ ಕಡೆಯ ತೋಳುಗಳಿಗೆ ಎರಡೂ ಕಡೆಯ ಔಷಧ ಎಂದು ಹೆಮ್ಮೆಯಿಂದ ಹೇಳಿಕೊಳ್ಳಬಹುದು.

ಆದರೂ ರೋಗ ಹೋಗಲಿಲ್ಲ. ಲಸಿಕೆ ಹಾಕಿದವರ ಸಂಖ್ಯೆ ರಿಜಿಸ್ಟರಿನಲ್ಲಿ ಜನಸಂಖ್ಯೆಯನ್ನೇ ಮೀರಿದ ಕಡೆಗಳಲ್ಲೂ ರೋಗ ಉಳಿದಿತ್ತು. ಸುಲಭಕ್ಕೆ ಸಿಗುವ ಶಾಲೆಯ ಮಕ್ಕಳಿಗೇ ಮತ್ತೆ ಮತ್ತೆ ಹಾಕಿ, ಹೊಲದಲ್ಲಿದ್ದವರನ್ನೂ ಅಲೆಮಾರಿಗಳನ್ನೂ ಬಿಟ್ಟದ್ದು ಇದಕ್ಕೆ ಕಾರಣ. ಆಗ ಕಣ್ಣು ತೆರೆಸಿದ್ದು ಯಾವ ಊರು ಗೊತ್ತೆ? ನಮ್ಮ ಪಕ್ಕದ ಗುಲ್ಬರ್ಗಾ. 1971ರ ಹೊತ್ತಿಗೆ ಆ ಜಿಲ್ಲೆಯಲ್ಲಿ ದೇವಿ ಬೇನೆ ಜೋರಾಗಿ ಎದ್ದು, ಆಗಿನ ಮೈಸೂರು, ಆಂಧ್ರ, ಮಹಾರಾಷ್ಟ್ರ ಮೂರೂ ರಾಜ್ಯಗಳ ಹೊಂದಿಕೊಂಡ ಜಿಲ್ಲೆಗಳಿಗೆ ಹಬ್ಬಿತ್ತು. ವರದಿಗೆ ಕಾಯುತ್ತ ಕುಳಿತುಕೊಳ್ಳದೆ, ಕೆಲಸಗಾರರನ್ನು ಮನೆಮನೆಗೆ ಕಳಿಸಿ ರೋಗಿಗಳನ್ನು ಹುಡುಕಿಸಿದರು. ಕಾಗದದಲ್ಲಿ ಇದ್ದದ್ದಕ್ಕಿಂತ ಎಷ್ಟೋ ಪಟ್ಟು ರೋಗಿಗಳು ಸಿಕ್ಕಿದರು. ಸಿಕ್ಕ ಮನೆಯ ಸುತ್ತಲಿನವರಿಗೆಲ್ಲ ತಕ್ಷಣ ದೇವಿ ಹಾಕಿ, ಹೋಗುವ ಬರುವ ನೆಂಟರ ವಿಚಾರ ತೆಗೆದು, ಆ ಊರುಗಳಿಗೂ ಹೋದರು. ಕೆಲವೇ ವಾರಗಳಲ್ಲಿ ರೋಗ ಹಿಡಿತಕ್ಕೆ ಬಂತು.

ಇದರಲ್ಲಿ ಏನು ಹೊಸತು ಎಂದು ನೀವು ಕೇಳಬಹುದು. ಹೊಸತೇನೆಂದರೆ, ಇಷ್ಟು ಜನರಿಗೆ ಲಸಿಕೆ ಹಾಕಿದೆವೆಂಬ ಲೆಕ್ಕವನ್ನು ಬದಿಗಿಟ್ಟು, ಇಷ್ಟು ಮನೆಗಳಲ್ಲಿ ಇನ್ನೂ ರೋಗವಿದೆ ಎಂಬ ಲೆಕ್ಕವನ್ನು ಹಿಡಿದದ್ದು. ಜಮಾ ಪುಟ ಬಿಟ್ಟು ಬಾಕಿ ಪುಟ ನೋಡಿದರು. 1973ರ ಬೇಸಿಗೆಯ ನಂತರ ದಿಲ್ಲಿಯ ಇಲಾಖೆ ವಿಶ್ವ ಆರೋಗ್ಯ ಸಂಸ್ಥೆಯ ಜೊತೆಗೂಡಿ ಇದೇ ಪದ್ಧತಿಯನ್ನು ಉತ್ತರ ಭಾರತದ ತುಂಬ ನಡೆಸಿತು. ಕೆಲಸಗಾರರ ಕೈಯಲ್ಲಿ ರೋಗ ಹಿಡಿದ ಮಗುವಿನ ಚಿತ್ರದ ಕಾರ್ಡು ಇರುತ್ತಿತ್ತು. ದೇವಿ, ಮಶೂಚಿ, ಚೇಚಕ್, ಯಾವ ಹೆಸರಿನವರಿಗೂ ಆ ಚಿತ್ರ ಅರ್ಥವಾಗುತ್ತಿತ್ತು. ರೋಗಿಯ ಸುದ್ದಿ ಕೊಟ್ಟವರಿಗೆ ಕೊನೆಕೊನೆಗೆ ಸಾವಿರ ರೂಪಾಯಿ ಬಹುಮಾನ. 1975ರ ಮೇ ತಿಂಗಳಿನ ನಂತರ ಈ ದೇಶದಲ್ಲಿ ಒಬ್ಬರಿಗೂ ಆ ಬೇನೆ ಬಂದಿಲ್ಲ. 1977ರ ಏಪ್ರಿಲ್‌ನಲ್ಲಿ ಅಂತರರಾಷ್ಟ್ರೀಯ ತಜ್ಞರು ಅದನ್ನು ಒಪ್ಪಿದರು.

ಆ ಎರಡು ವರ್ಷಗಳ ನಡುವೆಯೇ ಅದೇ ಇಲಾಖೆ ಇನ್ನೊಂದು ಕೆಲಸವನ್ನೂ ಮಾಡಿತು. ಅದನ್ನು ಹೇಳದೆ ಹೋದರೆ ಇತಿಹಾಸ ಅರ್ಧ ಹೇಳಿದಂತಾಗುತ್ತದೆ. ತುರ್ತುಪರಿಸ್ಥಿತಿಯ ಕಾಲ. 1976ರ ಏಪ್ರಿಲ್‌ನಲ್ಲಿ ಆರೋಗ್ಯ ಮಂತ್ರಿ ಡಾ. ಕರಣ್ ಸಿಂಗ್ ಅವರು ರಾಷ್ಟ್ರೀಯ ಜನಸಂಖ್ಯಾ ನೀತಿ ಪ್ರಕಟಿಸಿದರು. ಆ ಹಣಕಾಸು ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಒತ್ತಾಯ ಹೆಚ್ಚಾಗಿ ನಡೆದದ್ದು ಉತ್ತರದಲ್ಲಿ. ಆದರೆ ಸುದ್ದಿಗೆ ಉತ್ತರ ದಕ್ಷಿಣ ಎಂಬುದಿಲ್ಲ. ಕೆಂಪು ತ್ರಿಕೋನ ಬಳಿದ ಜೀಪು ಕಂಡರೆ ಗಂಡಸರು ಜೋಳದ ಹೊಲದೊಳಗೆ ಹೋಗುತ್ತಿದ್ದ ಕಾಲ ಅದು. ಮೇಲಿನವರು ಟಾರ್ಗೆಟ್ ಎಂಬ ಒಂದೇ ಸಂಖ್ಯೆ ಕೇಳಿದಾಗ ಕೆಳಗಿನವರು ಏನು ಮಾಡುತ್ತಾರೆಂಬುದು ಸಾಲ ಮೇಳಗಳ ಕಾಲದಲ್ಲಿ ಕೆಲಸ ಮಾಡಿದ ನನಗೆ ಚೆನ್ನಾಗಿ ಗೊತ್ತು. ಸಂಖ್ಯೆ ತುಂಬುತ್ತದೆ, ವಿಶ್ವಾಸ ಬರಿದಾಗುತ್ತದೆ. 1977ರ ನಂತರ ಇಲಾಖೆ 'ಕುಟುಂಬ ಯೋಜನೆ'ಯ ಹೆಸರನ್ನು 'ಕುಟುಂಬ ಕಲ್ಯಾಣ' ಎಂದು ಬದಲಿಸಿತು. ಟಾರ್ಗೆಟ್ ಪದ್ಧತಿಯನ್ನು ದೇಶದಾದ್ಯಂತ ಕೈಬಿಡಲು 1996ರವರೆಗೆ ಕಾಯಬೇಕಾಯಿತು.

ಈಗ ನಾರುಹುಣ್ಣಿನ ವಿಷಯ. ಇದನ್ನು ನಾನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಇಂದಿನ ಹುಡುಗರಿಗೆ ಆ ಹೆಸರೇ ಗೊತ್ತಿಲ್ಲ.

ಮೆಟ್ಟಿಲು ಬಾವಿ, ನಮ್ಮ ಮಾತಿನಲ್ಲಿ ಪಾವಟಿಗೆ ಬಾವಿ, ನೀವು ನೋಡಿದ್ದೀರಿ. ಕೊಡ ಹಿಡಿದು ಇಳಿದು, ಮೊಣಕಾಲು ಮಟ್ಟ ನೀರಿನಲ್ಲಿ ನಿಂತು ತುಂಬಿಕೊಳ್ಳಬೇಕು. ಆ ನೀರಿನಲ್ಲಿ ಸೈಕ್ಲಾಪ್ಸ್ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ಹುಳ ಇರುತ್ತದೆ. ಅದರ ಹೊಟ್ಟೆಯಲ್ಲಿ ನಾರುಹುಳದ ಮರಿ. ನೀರು ಕುಡಿದವರ ಮೈಯಲ್ಲಿ ಅದು ಒಂದು ವರ್ಷ ಸುಮ್ಮನೆ ಬೆಳೆಯುತ್ತದೆ. ಎರಡು ಮೂರು ಅಡಿ ಉದ್ದವಾದ ಮೇಲೆ, ಹೆಚ್ಚಾಗಿ ಕಾಲಿನಲ್ಲಿ, ಬೊಕ್ಕೆ ಎದ್ದು ಒಡೆದು ಬಿಳಿ ನಾರಿನಂತೆ ಹೊರಗೆ ಇಣುಕುತ್ತದೆ. ಉರಿ ತಾಳಲಾರದೆ ರೋಗಿ ನೀರಿಗೆ ಕಾಲು ಇಡುತ್ತಾನೆ. ಇಟ್ಟ ಕೂಡಲೆ ಹುಳ ಸಾವಿರಾರು ಮರಿಗಳನ್ನು ನೀರಿಗೆ ಬಿಡುತ್ತದೆ. ಮುಂದಿನ ವರ್ಷದ ಬೆಳೆಗೆ ಬಿತ್ತನೆ ಆಯಿತು. ಇದಕ್ಕೆ ಔಷಧವಿಲ್ಲ, ಚುಚ್ಚುಮದ್ದಿಲ್ಲ. ಸಣ್ಣ ಕಡ್ಡಿಗೆ ಸುತ್ತಿ ದಿನಕ್ಕೆ ಒಂದಿಷ್ಟು ಎಳೆಯಬೇಕು. ಅವಸರ ಮಾಡಿ ಹರಿದರೆ ಕಾಲು ಬಾತು ಕೀವು ತುಂಬುತ್ತದೆ.

ಎಂಬತ್ತರ ದಶಕದ ಆರಂಭದಲ್ಲಿ ನಾನು ಗಡಿಯಾಚೆ ಗುಲ್ಬರ್ಗಾ ಜಿಲ್ಲೆಯ ಒಂದು ಹಳ್ಳಿಯ ಶಾಖೆಯಲ್ಲಿದ್ದೆ. ಬೆಳೆಸಾಲದ ಕಂತು ಬಾಕಿ ಇದ್ದವರ ಮನೆಗೆ ಫೀಲ್ಡ್ ಆಫೀಸರರ ಜೊತೆ ಹೋಗುವುದಿತ್ತು. ಮಿರಗದ ಮಳೆ ಬಿದ್ದು ಊರೆಲ್ಲ ಹೊಲದಲ್ಲಿರುವಾಗ ಆ ರೈತ ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತಿರುತ್ತಿದ್ದ. "ನಾರುಹುಣ್ಣು ಆಗ್ಯಾದ್ರೀ ಸಾಹೇಬ್ರ, ಎದ್ದು ನಿಂದ್ರಾಕ ಬರವಲ್ದು. ಈ ಸಲ ಬಿತ್ತನಿ ಹೋತು" ಎನ್ನುತ್ತಿದ್ದ. ಸಾಲದ ಫೈಲಿನಲ್ಲಿ ಇದನ್ನು ಬರೆಯಲು ಯಾವ ಕಾಲಮ್ಮೂ ಇರಲಿಲ್ಲ. ಬರಗಾಲ, ಅತಿವೃಷ್ಟಿ, ಬೆಂಕಿ ಇವಕ್ಕೆ ಕಾಲಮ್ಮುಗಳಿದ್ದವು. ಈ ರೋಗ ಕೊಲ್ಲುವುದು ಅಪರೂಪ. ಆದ್ದರಿಂದ ಯಾರ ಲೆಕ್ಕಕ್ಕೂ ಅದು ಬರುತ್ತಿರಲಿಲ್ಲ.

ಲೆಕ್ಕಕ್ಕೆ ತಂದದ್ದು ದಿಲ್ಲಿ. 1983-84ರಲ್ಲಿ ರಾಷ್ಟ್ರೀಯ ನಾರುಹುಣ್ಣು ನಿರ್ಮೂಲನ ಕಾರ್ಯಕ್ರಮ ಆರಂಭವಾಯಿತು. ದಿಲ್ಲಿಯ ರಾಷ್ಟ್ರೀಯ ಸಾಂಕ್ರಾಮಿಕ ರೋಗಗಳ ಸಂಸ್ಥೆ ಅದರ ಕೇಂದ್ರಸ್ಥಾನ. ಆಂಧ್ರ, ಕರ್ನಾಟಕ, ಮಹಾರಾಷ್ಟ್ರ ಸೇರಿ ಏಳು ರಾಜ್ಯಗಳಲ್ಲಿ ರೋಗವಿತ್ತು. 1984ರಲ್ಲಿ ಹುಡುಕಿಸಿದಾಗ ಸುಮಾರು 40 ಸಾವಿರ ರೋಗಿಗಳು, 12 ಸಾವಿರಕ್ಕೂ ಮಿಕ್ಕಿದ ಹಳ್ಳಿಗಳು ಪಟ್ಟಿಗೆ ಬಂದವು. ದೇವಿ ಬೇನೆಯಲ್ಲಿ ಕಲಿತ ಪಾಠವೇ ಇಲ್ಲಿಯೂ. ಮನೆಮನೆಗೆ ಹೋಗು, ಕೇಳು, ಬರೆದುಕೊ, ಮತ್ತೆ ಹೋಗು. ಈ ಸಲ ಕೆಲಸ ಒಂದು ರೀತಿಯಲ್ಲಿ ಹಗುರವಾಗಿತ್ತು. ಕನ್ನಡದಲ್ಲಿ ನಾರುಹುಣ್ಣು, ತೆಲುಗಿನಲ್ಲಿ ನಾರಿಕುರುಪು, ಹಿಂದಿಯವರಲ್ಲಿ ನಾರೂ. ಕೇಳಿದವರಿಗೂ ಹೇಳಿದವರಿಗೂ ಅನುಮಾನವೇ ಇಲ್ಲ.

ಉಳಿದ ಕೆಲಸ ನೀರಿನದು. ಬಾವಿಗೆ ಟೆಮಿಫಾಸ್ ಎಂಬ ಔಷಧವನ್ನು ಅಳತೆಯಿಂದ ಹಾಕಿ ಸೈಕ್ಲಾಪ್ಸ್ ಕೊಲ್ಲುವುದು. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಲು ಹೇಳುವುದು. ಮೆಟ್ಟಿಲು ಮುಚ್ಚಿ ಸೇದುವ ಬಾವಿ ಮಾಡುವುದು. ಬೋರು ಕೊರೆದು ಕೈಪಂಪು ಹಾಕುವುದು. ಕೈಪಂಪು ಹಾಕಿದ್ದು ಗ್ರಾಮೀಣ ನೀರು ಪೂರೈಕೆಯವರು, ಆರೋಗ್ಯ ಇಲಾಖೆಯಲ್ಲ. ಆದ್ದರಿಂದ ಕೀರ್ತಿಯಲ್ಲಿ ಅರ್ಧ ಭಾಗ ಅವರಿಗೆ ಹೋಗಬೇಕು. ಆದರೆ ಯಾವ ಊರಿಗೆ ಮೊದಲು ಬೋರು ಎಂಬ ಪಟ್ಟಿ ಹೊರಟದ್ದು ರೋಗಿಗಳನ್ನು ಎಣಿಸಿದ್ದರಿಂದ. ಅದುವರೆಗೆ ಆ ಪಟ್ಟಿ ಎಲ್ಲಿಂದ ಹೊರಡುತ್ತಿತ್ತೆಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಮೆಟ್ಟಿಲು ಮುಚ್ಚುವಾಗ ಎಷ್ಟೋ ಊರುಗಳಲ್ಲಿ ಹಿರಿಯರು ಬೇಡವೆಂದರು. ಅದು ಗಂಗವ್ವನ ಪೂಜೆ ಮಾಡುವ ಸ್ಥಳ, ಇಳಿಯದಿದ್ದರೆ ಹೇಗೆ ಎಂಬ ಮಾತು ಬಂತು. ಅವರನ್ನು ಒಪ್ಪಿಸಿದ್ದು ಆರ್ಡರ್ ಅಲ್ಲ. ಊರ ಮಾತಿನಲ್ಲೇ ಕುಳಿತು ಹೇಳಿದ ಕೆಲಸಗಾರರು ಒಪ್ಪಿಸಿದರು.

ದೇಶದ ಕೊನೆಯ ನಾರುಹುಣ್ಣಿನ ರೋಗಿ 1996ರ ಜುಲೈನಲ್ಲಿ ರಾಜಸ್ಥಾನದಲ್ಲಿ ಸಿಕ್ಕರು. ಆಮೇಲೆ ಮೂರು ವರ್ಷಕ್ಕೂ ಹೆಚ್ಚು ಕಾಲ ಹುಡುಕುತ್ತಲೇ ಇದ್ದರು, ಸಿಗಲಿಲ್ಲ. 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ಈ ರೋಗದಿಂದ ಮುಕ್ತವೆಂದು ಸಾರಿತು. ಔಷಧವೇ ಇಲ್ಲದ ರೋಗ, ಒಂದು ಗುಳಿಗೆ ಇಲ್ಲದೆ ಹೋಯಿತು.

ಪೋಲಿಯೋ ಹನಿಯ ವಿಷಯ ನಿಮಗೆಲ್ಲ ಗೊತ್ತಿದ್ದದ್ದೇ. 1995ರ ಡಿಸೆಂಬರಿನಲ್ಲಿ ದೇಶದಾದ್ಯಂತ ಒಂದೇ ದಿನ ಹನಿ ಹಾಕುವುದು ಆರಂಭವಾಯಿತು. ಬಸ್ ನಿಲ್ದಾಣದಲ್ಲಿ ಕೂಡ ಕೂಸಿನ ಕಿರುಬೆರಳಿನ ಶಾಯಿ ನೋಡಿ, ಇಲ್ಲದಿದ್ದರೆ ಅಲ್ಲಿಯೇ ಹನಿ ಹಾಕುತ್ತಿದ್ದರು. ಯಾವ ರಾಜ್ಯದ ಕೂಸು ಎಂದು ಯಾರೂ ಕೇಳಲಿಲ್ಲ. 2014ರ ಮಾರ್ಚ್ 27ರಂದು ಪೋಲಿಯೋ ಮುಕ್ತವೆಂಬ ಪ್ರಮಾಣಪತ್ರ ಬಂತು. ಎರಡು ತಿಂಗಳು ಕಳೆದು ಜೂನ್ 2ರಂದು ನಮ್ಮ ತಾಲೂಕುಗಳು ತೆಲಂಗಾಣ ರಾಜ್ಯದಲ್ಲಿದ್ದವು.

ಇಷ್ಟು ಅನುಭವ ಇದ್ದ ದೇಶಕ್ಕೆ 2020ರಲ್ಲಿ ಕೊರೋನಾ ಬಂತು. ದೇಶದ ಮೊದಲ ಸಾವು ಆದದ್ದು ನಮ್ಮ ದಾರಿಯಲ್ಲೇ. ಕಲಬುರ್ಗಿಯ ಹಿರಿಯರೊಬ್ಬರು ಚಿಕಿತ್ಸೆಗೆ ಹೈದರಾಬಾದಿಗೆ ಹೋಗಿ ಮರಳಿ ಬರುವಾಗ ಮಾರ್ಚ್ 10ರಂದು ತೀರಿಕೊಂಡರು. ಎರಡು ದಿನ ಕಳೆದು, ಅದು ಕೊರೋನಾ ಎಂದು ಖಚಿತವಾಯಿತು. ಇವರ ಜೊತೆಗಿದ್ದವರು ಯಾರು, ಮುಟ್ಟಿದವರು ಯಾರು ಎಂದು ಎರಡೂ ರಾಜ್ಯಗಳಲ್ಲಿ ಹುಡುಕಬೇಕಾಯಿತು. 29ನೇ ಬಾಬು ಬರೆದವರು ಮನಸ್ಸಿನಲ್ಲಿ ಇಟ್ಟುಕೊಂಡದ್ದು ಇಂಥದ್ದನ್ನೇ.

ಆದರೆ ಮುಂದೆ ನಡೆದದ್ದು ಬೇರೆ. ಲಾಕ್‌ಡೌನ್ ಆದ ಮೇಲೆ ಒಂದೊಂದು ರಾಜ್ಯವೂ ತನ್ನ ಗಡಿಗೆ ಮಣ್ಣು ಸುರಿಯಿತು. ನಮ್ಮಂತೆಯೇ ಗಡಿಯಲ್ಲಿರುವ ಕಾಸರಗೋಡಿನ ಕನ್ನಡಿಗರನ್ನು ನೆನೆಯಿರಿ. ಅವರು ಕೇರಳದಲ್ಲಿದ್ದರೂ ಹಿಂದಿನಿಂದ ಹೋಗುತ್ತಿದ್ದದ್ದು ಮಂಗಳೂರಿನ ಆಸ್ಪತ್ರೆಗಳಿಗೆ. ತಲಪಾಡಿಯಲ್ಲಿ ಕರ್ನಾಟಕ ದಾರಿ ಮುಚ್ಚಿತು. ಕೇರಳ ಹೈಕೋರ್ಟು ಏಪ್ರಿಲ್ 1ರಂದು ದಾರಿ ತೆಗೆಸಿರೆಂದು ಕೇಂದ್ರಕ್ಕೆ ಹೇಳಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋದಾಗ, ಎರಡೂ ರಾಜ್ಯಗಳ ಮುಖ್ಯ ಕಾರ್ಯದರ್ಶಿಗಳ ಜೊತೆ ಕುಳಿತು ದಾರಿ ಕಂಡುಹಿಡಿಯಿರೆಂದು ನ್ಯಾಯಾಲಯ ಹೇಳಿದ್ದು ಕೇಂದ್ರದ ಆರೋಗ್ಯ ಕಾರ್ಯದರ್ಶಿಗೆ. ಕುಳಿತರು. ಏಪ್ರಿಲ್ 7ರ ಹೊತ್ತಿಗೆ, ಯಾವ ರೋಗಿಯನ್ನು ಹೇಗೆ ಬಿಡಬೇಕೆಂಬ ಒಪ್ಪಂದವಾಯಿತು. ನಾಲ್ಕು ದಿನದ ಮಾತುಕತೆಯಲ್ಲಿ ಮುಗಿದ ಕೆಲಸ ಕೋರ್ಟಿನವರೆಗೆ ಏಕೆ ಹೋಗಬೇಕಾಯಿತು? ದಿಲ್ಲಿಯ ಇಲಾಖೆ ಮೊದಲ ದಿನವೇ ತಾನಾಗಿ ಕರೆಯಬಹುದಿತ್ತು.

ಮರುವರ್ಷ ಅದೇ ನಮ್ಮ ಬಾಗಿಲಿಗೂ ಬಂತು. 2021ರ ಮೇ ತಿಂಗಳಿನಲ್ಲಿ, ಎರಡನೇ ಅಲೆ ಉಕ್ಕುತ್ತಿರುವಾಗ, ಬೇರೆ ರಾಜ್ಯಗಳಿಂದ ರೋಗಿಗಳನ್ನು ತರುವ ಆಂಬುಲೆನ್ಸುಗಳನ್ನು ತೆಲಂಗಾಣದ ಗಡಿಗಳಲ್ಲಿ ನಿಲ್ಲಿಸಿದರು. ಹೈದರಾಬಾದಿನ ಆಸ್ಪತ್ರೆ ಮೊದಲೇ ಒಪ್ಪಿರಬೇಕು, ಪಾಸು ಬೇಕು ಎಂಬ ಷರತ್ತು. ಮೇ 14ರಂದು ಹೈಕೋರ್ಟು ಅದಕ್ಕೆ ತಡೆ ಕೊಟ್ಟಿತು. ಒಂದು ರಾಜ್ಯ ತನ್ನ ಹಾಸಿಗೆಗಳನ್ನು ತನ್ನವರಿಗೆ ಉಳಿಸಿಕೊಳ್ಳಲು ನೋಡುವುದು ತಿಳಿಯದ ವಿಷಯವೇನಲ್ಲ. ಆದರೆ 1956ರ ಗೆರೆ ಎಳೆದಾಗ ಬೀದರಿನವರನ್ನೂ ಜಹೀರಾಬಾದಿನವರನ್ನೂ ಯಾರೂ ಕೇಳಿ ಎಳೆದಿರಲಿಲ್ಲ. ಉಸಿರಿಗೆ ಒದ್ದಾಡುವವನ ಮುಂದೆ ಆ ಗೆರೆಯನ್ನು ತೋರಿಸಿದಾಗ ನಡುವೆ ನಿಂತು ಮಾತಾಡಬೇಕಾದವರು ಯಾರು? ಆಗಲೂ ಆ ಕೆಲಸ ನ್ಯಾಯಾಲಯದ ಪಾಲಿಗೇ ಬಂತು.

ಇನ್ನು ಭಾಷೆ. 1956ರಲ್ಲೇ ಕೇಂದ್ರ ಸರ್ಕಾರ ಭಾಷಾ ಅಲ್ಪಸಂಖ್ಯಾತರ ಬಗ್ಗೆ ಒಂದು ಜ್ಞಾಪನ ಹೊರಡಿಸಿ, ಒಂದು ಪ್ರದೇಶದಲ್ಲಿ ನೂರಕ್ಕೆ 15ರಿಂದ 20 ಜನ ಬೇರೆ ಭಾಷೆಯವರಿದ್ದರೆ, ಮುಖ್ಯ ಸರ್ಕಾರಿ ಪ್ರಕಟಣೆಗಳನ್ನು ಆ ಭಾಷೆಯಲ್ಲೂ ಹೊರಡಿಸುವುದು ಒಳ್ಳೆಯದೆಂದು ಹೇಳಿತು. ಜಮೀನು, ತೆರಿಗೆಯ ನೋಟಿಸುಗಳ ಮಾತು ಹಾಗಿರಲಿ. ಆರು ತಿಂಗಳು ತಪ್ಪದೆ ನುಂಗಬೇಕಾದ ಕ್ಷಯದ ಗುಳಿಗೆಯ ಸೂಚನೆಯಾದರೂ ತಿಳಿಯುವ ಭಾಷೆಯಲ್ಲಿ ಬೇಡವೆ? ದಿಲ್ಲಿಗೆ ಕನ್ನಡದ ಚೀಟಿ ಹೊಸದಾಗಿ ಬರೆಸುವ ಕಷ್ಟವೂ ಇಲ್ಲ. ಅದೇ ಕಾರ್ಯಕ್ರಮದ ಕನ್ನಡ ಕಾಗದಗಳು ಇಲ್ಲಿಂದ ಮೂವತ್ತು-ನಲವತ್ತು ಕಿಲೋಮೀಟರ್ ದೂರದ ಬೀದರಿನಲ್ಲಿ ಅಚ್ಚಾಗಿ ಹಂಚಿಕೆಯಾಗುತ್ತವೆ. ಅವು ಗಡಿ ದಾಟುವುದಿಲ್ಲ, ಅಷ್ಟೆ.

ಸದ್ಯಕ್ಕೆ ಈ ಕೊರತೆ ತುಂಬುತ್ತಿರುವವರು ಆಶಾ ಕಾರ್ಯಕರ್ತೆಯರು. 2005ರ ಏಪ್ರಿಲ್‌ನಲ್ಲಿ ದಿಲ್ಲಿ ಆರಂಭಿಸಿದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಮಿಷನ್ ಸಾವಿರ ಜನರಿಗೆ ಒಬ್ಬರಂತೆ, ಅದೇ ಊರಿನ ಸೊಸೆಯನ್ನೋ ಮಗಳನ್ನೋ ಆರಿಸಬೇಕೆಂದು ನಿಯಮ ಮಾಡಿತು. ಅವರಿಗೆ ಸಂಬಳವೆಂದು ಕೊಡದೆ ಮಾಡಿದ ಕೆಲಸಕ್ಕೆ ಇಷ್ಟು ಎಂದು ಪ್ರೋತ್ಸಾಹಧನ ಕೊಡುವುದು ನನ್ನ ಮಟ್ಟಿಗೆ ಸರಿಯಾದ ಪದ್ಧತಿಯಲ್ಲ. ಇರಲಿ. ಊರಿನವಳೇ ಆಗಿರಬೇಕೆಂಬ ಆ ಒಂದು ನಿಯಮದಿಂದ ನಮ್ಮ ಹಳ್ಳಿಗಳಲ್ಲಿ ಬಾಯಿಗೆ ಕನ್ನಡ ಬಂತು. ನ್ಯಾಲಕಲ್ ಕಡೆ ಬಾಣಂತಿಯ ಪಕ್ಕ ಕುಳಿತು, ತೆಲುಗಿನ ತಾಯಿ-ಮಗು ಕಾರ್ಡನ್ನು ಕೈಯಲ್ಲಿ ಹಿಡಿದು, "ನೋಡವ್ವಾ, ಬರೋ ತಿಂಗಳ ಹತ್ತನೇ ತಾರೀಖಿಗಿ ಕೂಸಿಗಿ ಎರಡನೇ ಸೂಜಿ ಅದ, ಮರೀಬ್ಯಾಡ" ಎಂದು ಅವರು ಓದಿ ಹೇಳುತ್ತಾರೆ.